ದೊಡ್ಡ ನೀರಿನಲ್ಲಿ ಶರತ್ಕಾಲದ ಬೇಟೆ

ಅಕ್ಟೋಬರ್ ತಿಂಗಳ ಕೊನೆಯ ವಾರ, ನಸುಕಿನ ವೇಳೆ. ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ ಕ್ಲೂಯಿಸ್ಟನ್ ಎಂಬ ಪುಟ್ಟ ಊರಿನ ದೋಣಿಗಟ್ಟೆಯಿಂದ ಮೋಟಾರು ದೋಣಿಗಳು ಒಂದೊಂದಾಗಿ ಹೊರಡುತ್ತವೆ. ಊರಿನ ಬೆನ್ನಿಗೆ ಕಬ್ಬಿನ ಗದ್ದೆಗಳು. ಮುಂದೆ ಎತ್ತರವಾದ ಏರಿ. ಏರಿಯ ಬಾಗಿಲನ್ನು ದಾಟಿ, ಜೊಂಡಿನ ನಡುವಣ ಕಿರುದಾರಿಯಲ್ಲಿ ಸಾಗಿ ಬಯಲಿಗೆ ಬಂದೊಡನೆ ಕಾಣುವುದು ನೀರು. ಎತ್ತ ನೋಡಿದರತ್ತ ನೀರು. ಎದುರು ದಡ ಕಣ್ಣಿಗೆ ನಿಲುಕದು. ಹೊಸದಾಗಿ ಬಂದವರು ಇದನ್ನು ಸಮುದ್ರವೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ.

ಇದೇ ಓಕಿಚೋಬಿ ಸರೋವರ. ಹಿಚಿಟಿ ಎಂಬ ಮೂಲನಿವಾಸಿಗಳ ನುಡಿಯಲ್ಲಿ ಈ ಹೆಸರಿಗೆ ‘ದೊಡ್ಡ ನೀರು’ ಎಂದೇ ಅರ್ಥ. ಇದರ ವಿಸ್ತೀರ್ಣ ಸುಮಾರು 730 ಚದರ ಮೈಲಿ. ಸರಾಸರಿ ಆಳವಾದರೋ ಕೇವಲ 9 ಅಡಿ! ಹರಿವಾಣದಲ್ಲಿ ಹರಡಿದಂತಿರುವ ಈ ನೀರಿನಲ್ಲಿ ವಾಸಿಸುವ ಬಾಸ್ ಎಂಬ ಮೀನನ್ನು ಅರಸಿ ಗಾಳಗಾರರು ದೂರದೂರದ ಊರುಗಳಿಂದ ಬರುತ್ತಾರೆ. ಹಸಿರು ಬೆನ್ನು, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನಿಂದಾಚೆಗೂ ಚಾಚಿದ ಭಾರಿ ದವಡೆ—ಇವು ಅದರ ಲಕ್ಷಣ. ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹುಲ್ಲಿನ ಮರೆಯಲ್ಲಿ ಹೊಂಚಿ ಕುಳಿತು ಒಮ್ಮೆಲೇ ಮೇಲೆರಗುವುದು ಅದರ ಜಾಯಮಾನ.

ನೀರು ಹೇಳುವ ಋತು

ಅಮೆರಿಕದ ಉತ್ತರ ಭಾಗದಲ್ಲಿ ಶರತ್ಕಾಲದ ಆಗಮನವನ್ನು ಮರದ ಎಲೆಗಳು ಸಾರುತ್ತವೆ. ಫ್ಲಾರಿಡಾದಲ್ಲಿ ಅದನ್ನು ಸಾರುವುದು ನೀರು. ಮೇ ತಿಂಗಳಿನಿಂದ ಸುರಿದ ಮಳೆ ಅಕ್ಟೋಬರಿನಲ್ಲಿ ಹಿಂದೆ ಸರಿಯುತ್ತದೆ. ಸರೋವರ ತುಂಬಿ ನಿಂತಿರುತ್ತದೆ. ಬೇಸಗೆಯಲ್ಲಿ ಕೈಯಿಟ್ಟರೆ ಬೆಚ್ಚಗಿದ್ದ ನೀರು ರಾತ್ರಿಯ ತಂಪಿಗೆ ದಿನದಿನಕ್ಕೆ ಆರುತ್ತ ಬರುತ್ತದೆ. ಬಿಸಿಲಿನ ದಿನಗಳಲ್ಲಿ ನೆರಳಿನಲ್ಲಿ ಮಂಕಾಗಿ ಬಿದ್ದಿದ್ದ ಬಾಸ್ ಮೀನಿಗೆ ಆಗ ಹಸಿವು ಮೂಡುತ್ತದೆ. ಚಳಿಗಾಲ ಕಾಲಿಟ್ಟ ಬಳಿಕ ಮೊಟ್ಟೆಯಿಡುವ ಕಾಲ. ಅದಕ್ಕೆ ಮುನ್ನ ಮೈ ತುಂಬಿಕೊಳ್ಳಬೇಡವೇ?

ಬಲ್ಲ ಗಾಳಗಾರ ನೀರನ್ನು ನೋಡುವ ಮೊದಲು ಆಕಾಶವನ್ನು ನೋಡುತ್ತಾನೆ. ಶ್ಯಾಡ್ ಎಂಬ ಬೆಳ್ಳಿಯ ಬಣ್ಣದ ಕಿರುಮೀನುಗಳು ಹಿಂಡುಗಟ್ಟಿದೆಡೆ ಬಿಳಿಯ ಹಕ್ಕಿಗಳು ಸುತ್ತು ಹಾಕಿ ಎರಗುತ್ತಿರುತ್ತವೆ. ಹಕ್ಕಿಗಳ ಕೆಳಗೆ ಹಿಂಡು, ಹಿಂಡಿನ ಕೆಳಗೆ ಬಾಸ್! ಮುಂಜಾವಿನಲ್ಲಿ ನೀರಿನ ಮೇಲೆ ಕುಪ್ಪಳಿಸುವ ಹುಸಿ ಎರೆಯನ್ನು ಹುಲ್ಲಿನ ಅಂಚಿಗೆ ಎಸೆಯುತ್ತಾರೆ. ಬಿಸಿಲೇರಿದ ಮೇಲೆ ಆಟ ಬದಲಾಗುತ್ತದೆ. ಆಗ ಬಾಸ್ ದಟ್ಟವಾದ ಹುಲ್ಲಿನ ಹಾಸಿನಡಿ ಅಡಗುತ್ತದೆ. ಪ್ಲಾಸ್ಟಿಕ್ಕಿನ ಎರೆಗೆ ಭಾರವಾದ ಗುಂಡನ್ನು ಕಟ್ಟಿ, ಹಾಸನ್ನು ತೂರಿ ಇಳಿಯುವಂತೆ ಬಿಡುತ್ತಾರೆ. ಕೆಲವರು ಶೈನರ್ ಎಂಬ ಹೊಂಬಣ್ಣದ ಜೀವಂತ ಮೀನನ್ನೇ ಗಾಳಕ್ಕೆ ಸಿಕ್ಕಿಸಿ ಕಾಯುತ್ತಾರೆ. ಬಾಸ್ ಹತ್ತಿರ ಸುಳಿದೊಡನೆ ಶೈನರ್ ಗಾಬರಿಯಿಂದ ಮೇಲಕ್ಕೆ ನೆಗೆಯುತ್ತದೆ. ಮರುಕ್ಷಣವೇ ನೀರು ಸಿಡಿದು, ದಾರ ಬಿಗಿದು, ಕೋಲು ಬಿಲ್ಲಾಗುತ್ತದೆ.

ಬೆಂಗಳೂರಿನ ಬಂಧು

ಈ ಬೇಟೆಯ ಗುಟ್ಟೆಲ್ಲ ಹುಲ್ಲಿನಲ್ಲಿದೆ. ಮರಿಗಳಿಗೆ ಅದೇ ತೊಟ್ಟಿಲು, ದೊಡ್ಡವಕ್ಕೆ ಅದೇ ಕೋಟೆ. ಇಲ್ಲಿಯ ನೀರುಗಿಡಗಳಲ್ಲಿ ಒಂದು ಕನ್ನಡಿಗರಿಗೆ ಹಳೆಯ ಪರಿಚಯದ್ದು. ಗಾಜಿನ ಪಾತ್ರೆಯಲ್ಲಿ ಆಲಿಕೆಯ ಕೆಳಗೆ ಎಸಳುಗಳನ್ನಿರಿಸಿ, ಬಿಸಿಲಿಗಿಟ್ಟು, ಮೇಲೇರುವ ಗುಳ್ಳೆಗಳನ್ನು ಎಣಿಸಿದ ನೆನಪು ಯಾವ ವಿಜ್ಞಾನದ ವಿದ್ಯಾರ್ಥಿಗಿಲ್ಲ? ಆ ಹೈಡ್ರಿಲವೇ ಇದು. 1950ರ ದಶಕದಲ್ಲಿ ಅಲಂಕಾರದ ಮೀನುತೊಟ್ಟಿಗಳಿಗೆಂದು ಫ್ಲಾರಿಡಾಕ್ಕೆ ಬಂದು, ಕಾಲುವೆಗಳಿಗೆ ನುಗ್ಗಿ, ಅಲ್ಲಿಂದ ಎಲ್ಲೆಡೆ ಹಬ್ಬಿತು. 1997ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಯೊಂದರಲ್ಲಿ, ಅಲ್ಲಿಯ ಹೈಡ್ರಿಲಕ್ಕೆ ಬೆಂಗಳೂರಿನಿಂದ ಒಯ್ದ ಮಾದರಿಯೊಡನೆ ನಿಕಟವಾದ ಹೋಲಿಕೆ ಕಂಡುಬಂದಿತು. ದೋಣಿಗಳ ಹಾದಿಗೂ ಕಾಲುವೆಗಳ ಹರಿವಿಗೂ ಅದು ಕಂಟಕ. ಗಾಳಗಾರನಿಗೆ ಮಾತ್ರ ಬಾಸ್ ಅಡಗುವ ತಾಣ. ಒಬ್ಬನ ಕಳೆ ಇನ್ನೊಬ್ಬನ ಬೆಳೆ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಏರಿಯ ಹಿಂದಿನ ಕಣ್ಣೀರು

ಹುಲ್ಲು ಬದುಕಬೇಕಾದರೆ ಬಿಸಿಲು ತಳ ಮುಟ್ಟಬೇಕು. ನೀರು ಅತಿಯಾಗಿ ಏರಬಾರದು. ಹಿಂದೆ ಸರೋವರ ಉಕ್ಕಿದರೆ ನೀರು ದಕ್ಷಿಣದ ದಂಡೆಯ ಮೇಲೆ ಹರಿದು ಎವರ್‌ಗ್ಲೇಡ್ಸ್ ಜೌಗುನಾಡಿಗೆ ಹೋಗುತ್ತಿತ್ತು. ಈಗ ಆ ದಾರಿಗೆ ಏರಿ ಅಡ್ಡವಾಗಿದೆ. ಆದರೆ ಏರಿಯನ್ನು ಹಳಿಯುವ ಮುನ್ನ ಅದರ ಕಥೆಯನ್ನು ಕೇಳಬೇಕು.

1928ರ ಸೆಪ್ಟೆಂಬರ್ 16ರ ರಾತ್ರಿ. ಚಂಡಮಾರುತದ ಹೊಡೆತಕ್ಕೆ ಸರೋವರದ ನೀರು ರಾಶಿಯಾಗಿ ಎದ್ದು, ಅಂದಿನ ಗಿಡ್ಡ ಮಣ್ಣಿನ ಒಡ್ಡನ್ನು ಕೊಚ್ಚಿ ಊರುಗಳ ಮೇಲೆ ನುಗ್ಗಿತು. ಸತ್ತವರು ಕನಿಷ್ಠ 2,500 ಮಂದಿ. ಅವರಲ್ಲಿ ಬಹುಪಾಲು ಹೊಲಗಳಲ್ಲಿ ಕೂಲಿಗೆ ಬಂದಿದ್ದ ಕಪ್ಪು ಜನಾಂಗದ ಬಡವರು. ಎಷ್ಟೋ ಜನರನ್ನು ಹೆಸರಿಲ್ಲದ ಸಾಮೂಹಿಕ ಗುಂಡಿಗಳಲ್ಲಿ ಹೂಳಲಾಯಿತು. ಆ ದುಃಖದಿಂದ ಹುಟ್ಟಿದ್ದು ಸುಮಾರು 143 ಮೈಲಿ ಉದ್ದದ ಹರ್ಬರ್ಟ್ ಹೂವರ್ ಏರಿ.

ಏರಿ ಜನರನ್ನು ಉಳಿಸಿತು, ಸರೋವರವನ್ನು ಬಂಧಿಸಿತು. ಒಳಗೆ ಬರುವ ನೀರಿನ ವೇಗಕ್ಕೆ ಹೊರಬಿಡುವ ತೂಬುಗಳು ಸಾಲವು. 2004ರಲ್ಲಿ ಫ್ರಾನ್ಸಿಸ್, ಜೀನ್. 2005ರ ಅಕ್ಟೋಬರಿನಲ್ಲಿ ವಿಲ್ಮಾ—ಮೂರು ಚಂಡಮಾರುತಗಳು ಸರೋವರವನ್ನು ಕಡೆದು ರಾಡಿಮಾಡಿದವು. ಹುಲ್ಲು ಕಿತ್ತುಹೋಯಿತು, ಕೆಸರುನೀರಿನಲ್ಲಿ ಬಿಸಿಲು ಇಳಿಯಲಿಲ್ಲ, ಬಾಸ್ ಮರಿಗಳು ವಿರಳವಾದವು.

ಬರ ತಂದ ಭಾಗ್ಯ

ಆಮೇಲೆ ನಡೆದದ್ದು ಯಾರೂ ಬೇಡದ ಚಿಕಿತ್ಸೆ. ಭೀಕರ ಬರ ಬಂದು 2007ರ ಜುಲೈಯಲ್ಲಿ ಸರೋವರದ ಮಟ್ಟ ಸಮುದ್ರಮಟ್ಟದಿಂದ 8.82 ಅಡಿಗೆ ಇಳಿಯಿತು; ಅಷ್ಟು ಕೆಳಗೆ ಅದು ಹಿಂದೆಂದೂ ಇಳಿದಿರಲಿಲ್ಲ. ಅಂಚಿನ ನೆಲ ಬಿಸಿಲಿಗೆ ಬಿರಿಯಿತು. ದೋಣಿಗಳು ಕಟ್ಟೆಯಲ್ಲೇ ಉಳಿದವು. ಸರ್ಕಾರದವರು ಯಂತ್ರಗಳನ್ನಿಳಿಸಿ ಹೂಳನ್ನು ತೆಗೆಸಿದರು. ಒಣಗಿದ ಮಣ್ಣಿನಲ್ಲಿ ಮಲಗಿದ್ದ ಬೀಜಗಳು ನೀರು ಮರಳಿದೊಡನೆ ಮೊಳೆತವು. ಹುಲ್ಲು ಬಂದಿತು, ಹುಲ್ಲಿನ ಹಿಂದೆಯೇ ಬಾಸ್ ಬಂದಿತು.

ಈ ಪಾಠವನ್ನು ಮನುಷ್ಯನೂ ಕಲಿತಿದ್ದಾನೆ. 2024ರ ಡಿಸೆಂಬರಿನಿಂದ ಸೈನ್ಯದ ಎಂಜಿನಿಯರರು ಹುಲ್ಲಿನ ಚೇತರಿಕೆಗೆಂದೇ ತೂಬುಗಳನ್ನು ತೆರೆದು ಮಟ್ಟವನ್ನು ತಗ್ಗಿಸತೊಡಗಿದರು. ಆದರೆ ಆ ನೀರು ಸೇರುವ ಅಳಿವೆಗಳಲ್ಲಿ ಉಪ್ಪುನೀರಿನ ಜೀವಿಗಳಿಗೆ ಸಂಕಟ. ಕಬ್ಬಿನ ಗದ್ದೆಗೆ ನಾಳೆ ನೀರು ಸಾಲದೆಂಬ ಆತಂಕ. ಎಲ್ಲರನ್ನೂ ಮೆಚ್ಚಿಸುವ ಮಟ್ಟವೊಂದು ಇನ್ನೂ ದೊರೆತಿಲ್ಲ.

ಗಾಳಗಾರನ ಪಾಲಿನ ಕರ್ತವ್ಯ ಚಿಕ್ಕದು. 2016ರ ನಿಯಮದಂತೆ ಆತ ದಿನಕ್ಕೆ ಐದು ಬಾಸ್ ಮೀನುಗಳನ್ನು ಇಟ್ಟುಕೊಳ್ಳಬಹುದು. ಅವುಗಳಲ್ಲಿ 16 ಅಂಗುಲ ಮುಟ್ಟಿದ್ದು ಒಂದೇ ಇರಬೇಕು. ಎಂಟು ಪೌಂಡು ಮೀರಿದ ಮೀನು ಬಹುಮಟ್ಟಿಗೆ ಹೆಣ್ಣೇ. ಅಂಥದನ್ನು ತೂಗಿ, ಚಿತ್ರ ತೆಗೆದು, ನೀರಿಗೆ ಬಿಡುವವರೇ ಹೆಚ್ಚು. ಹಿಡಿದ ಕೈ ಸಡಿಲಿಸಿದಾಗ ಮೀನು ಕ್ಷಣಕಾಲ ನಿಂತು, ಬಾಲವೊದರಿ, ಹುಲ್ಲಿನೊಳಕ್ಕೆ ಸರಿದುಹೋಗುತ್ತದೆ. ಅದು ಮರಳಿ ಹೋಗಲು ಅಲ್ಲಿ ಹುಲ್ಲು ಇರಬೇಕು, ಅಷ್ಟೆ.