ಗ್ರಂಥಾಲಯ ವಿದ್ಯೆ: ಕಲಿಯುವುದೇನು, ಕಲಿತವರಿಗೇನು?

ಪುಸ್ತಕಗಳನ್ನು ಬೀರುವಿನಲ್ಲಿ ಇಡುವುದಕ್ಕೂ ತೆಗೆಯುವುದಕ್ಕೂ ಎಂ.ಎ.ಗೆ ಸಮನಾದ ಒಂದು ಪದವಿ ಬೇಕೆ? ಈ ಪ್ರಶ್ನೆ ನಮ್ಮ ವಾಚನಾಲಯದಲ್ಲಿ ಆಗಾಗ ಕೇಳಿಬರುತ್ತದೆ. ಕೇಳುವವರು ಬಹುಮಟ್ಟಿಗೆ ಕಸ್ಬಾದ ಸುತ್ತಮುತ್ತ ಬಿಡಾರ ಮಾಡಿಕೊಂಡು ಗುಮಾಸ್ತಿಕೆಯಲ್ಲಿರುವ ತರುಣರು, ಊರಿನಲ್ಲಿ ಬಿ.ಎ.ಯನ್ನೋ ಬಿ.ಕಾಂ.ಅನ್ನೋ ಮುಗಿಸಿ ಬಂದವರು. ಇನ್ನೊಂದು ಪದವಿ ಪಡೆದರೆ ಒಂದು ಮೆಟ್ಟಿಲು ಏರಬಹುದೆ ಎಂದು ಲೆಕ್ಕ ಹಾಕುತ್ತಿರುವವರು. ಅವರ ಉಪಯೋಗಕ್ಕಾಗಿ ಈ ವಿದ್ಯೆಯ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ಉದಾಹರಣೆಯಿಂದ ಆರಂಭಿಸುವುದು ಲೇಸು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಪುಸ್ತಕವೊಂದು ಗ್ರಂಥಾಲಯಕ್ಕೆ ಬಂದಿತೆನ್ನಿ. ಅದನ್ನು ಸೂಚಿಯಲ್ಲಿ ಯಾವ ಹೆಸರಿನಡಿ ಬರೆಯಬೇಕು? ಬಂಗಾಳದಲ್ಲಿ ಹೆಸರಿನ ಕೊನೆಯ ಮಾತು ಮನೆತನದ್ದು: ಚಟ್ಟೋಪಾಧ್ಯಾಯ, ಮುಖೋಪಾಧ್ಯಾಯ ಎಂಬಂತೆ. ಆ ರೂಢಿಯಲ್ಲಿ ಬೆಳೆದವರು ಇದನ್ನು ಸಹಜವಾಗಿಯೇ 'ಅಯ್ಯಂಗಾರ್' ಎಂಬಲ್ಲಿ ಸೇರಿಸಿಬಿಟ್ಟಾರು. ಆದರೆ ಕನ್ನಡಿಗನು ಹುಡುಕುವುದು 'ಮಾಸ್ತಿ' ಎಂದು. ಮಾಸ್ತಿ ಎಂಬುದೋ ಕೋಲಾರ ಜಿಲ್ಲೆಯ ಒಂದು ಊರಿನ ಹೆಸರು. ಇಟ್ಟ ಹೆಸರು ವೆಂಕಟೇಶ. ಕಥೆಗಳಿಗೆ ಅವರು ಹಾಕುತ್ತಿದ್ದ ಅಂಕಿತ 'ಶ್ರೀನಿವಾಸ'. ಒಬ್ಬರಿಗೆ ನಾಲ್ಕು ಬಾಗಿಲು! ನಮ್ಮ ನಾಡಿನಲ್ಲಿಯೇ ರೂಢಿ ಒಂದಲ್ಲ. ಧಾರವಾಡದ ಕಡೆ ಬೇಂದ್ರೆ ಎಂಬುದು ಮನೆತನದ ಹೆಸರು; ಮೈಸೂರಿನ ಕಡೆ ಡಿ.ವಿ. ಗುಂಡಪ್ಪನವರಲ್ಲಿ ಗುಂಡಪ್ಪ ಎಂಬುದು ಸ್ವಂತದ್ದು. ಬೇಂದ್ರೆಯವರು ಅಂಬಿಕಾತನಯದತ್ತರೂ ಹೌದು, ಪುಟ್ಟಪ್ಪನವರು ಕುವೆಂಪು ಅವರೂ ಹೌದು. ಇವುಗಳಲ್ಲಿ ಒಂದನ್ನು ಮುಖ್ಯ ಹೆಸರೆಂದು ಗೊತ್ತುಮಾಡಿ, ಉಳಿದ ಹೆಸರುಗಳಲ್ಲಿ ಹುಡುಕುವವನಿಗೂ 'ಅಲ್ಲಿ ನೋಡು' ಎಂದು ದಾರಿ ತೋರಿಸಬೇಕು. ಇದಕ್ಕೆ ಸೂಚೀಕರಣವೆಂದು ಹೆಸರು. ಪದವಿಯ ಒಂದು ದೊಡ್ಡ ಭಾಗ ಇದೇ.

ಇನ್ನು ಲಿಪಿಯ ತೊಡಕು. ಬೆಳೆ, ಬೇಳೆ, ಬೆಲೆ ಈ ಮೂರನ್ನೂ ಸಾಮಾನ್ಯ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂದೇ ಆಗಿಬಿಡುತ್ತದೆ. ಬೇಳೆಯ ಬೆಲೆಯನ್ನು ಕುರಿತ ಪುಸ್ತಕಕ್ಕೆ ಏನು ಗತಿ ಎಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ಸಂಸ್ಕೃತಕ್ಕಾಗಿ ಮಾಡಿದ ಲಿಪ್ಯಂತರ ಕ್ರಮದಲ್ಲಿ ಎ ಮತ್ತು ಏ, ಒ ಮತ್ತು ಓ ಎಂಬ ಭೇದವೇ ಇಲ್ಲ, ಏಕೆಂದರೆ ಸಂಸ್ಕೃತಕ್ಕೆ ಅದು ಬೇಕಿಲ್ಲ. ದ್ರಾವಿಡ ಭಾಷೆಗಳಿಗೆ ಬೇಕು. ಈ ಭೇದವನ್ನು ಅಕ್ಷರದ ಮೇಲೊಂದು ಗೆರೆಯಿಂದ ಕಾಣಿಸುವ ಕ್ರಮ ಬಳಕೆಗೆ ಬಂದದ್ದು ಇದೇ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದ ಹೆಸರಿನಲ್ಲಿ. ಬಂಗಾಳಿಯಲ್ಲಿ ವಕಾರ ಬಕಾರಗಳೆರಡೂ ಒಂದೇ ಆಗಿರುವ ಊರಿನಲ್ಲಿ ನಮ್ಮ ಹ್ರಸ್ವ ದೀರ್ಘಗಳಿಗೆ ಇಷ್ಟು ಗೌರವ ಸಿಕ್ಕಿತೆಂಬುದು ಸಂತೋಷದ ವಿಷಯವೇ ಸರಿ.

ಎರಡನೆಯ ದೊಡ್ಡ ವಿಷಯ ವರ್ಗೀಕರಣ. ಅಮೆರಿಕದ ಡ್ಯೂಯಿ ಮಹಾಶಯನು 1876ರಲ್ಲಿ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ ಅಂಕಿ ಕೊಟ್ಟನು. ಈಗಲೂ ಕನ್ನಡ ಸಾಹಿತ್ಯ 894.814ರಲ್ಲಿಯೂ ಬಂಗಾಳಿ ಸಾಹಿತ್ಯ 891.44ರಲ್ಲಿಯೂ ಕುಳಿತಿವೆ, ಇಂಗ್ಲಿಷಿಗೆ ಮಾತ್ರ 820 ಎಂಬ ವಿಶಾಲವಾದ ಪಡಸಾಲೆ. ನಮ್ಮಂಥವರೆಲ್ಲ ಹಿಂದಿನ ಕೋಣೆಯಲ್ಲಿ. ಈ ಬಗೆಯ ಇಕ್ಕಟ್ಟನ್ನು ಬಿಡಿಸಲು ಹೊರಟವರು ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಲಂಡನ್ನಿನ ಅಂಗಡಿಯೊಂದರಲ್ಲಿ ಮಕ್ಕಳ ಮೆಕ್ಯಾನೋ ಆಟಿಕೆ ಕಂಡು, ಅದೇ ಪಟ್ಟಿಗಳೂ ತಿರುಪುಗಳೂ ಸೇರಿ ಬೇರೆ ಬೇರೆ ಯಂತ್ರಗಳಾಗುವುದಾದರೆ ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಿಂದ ಜೋಡಿಸಬಾರದೇಕೆ ಎಂದು ಅವರಿಗೆ ಹೊಳೆಯಿತಂತೆ. ಅವರ ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು. ಅದಕ್ಕೂ ಎರಡು ವರ್ಷ ಮೊದಲು ಬಂದ ಪಂಚಸೂತ್ರಗಳ ಪುಸ್ತಕವನ್ನು ಈ ವಿದ್ಯೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಲೇಬೇಕು. ಅವುಗಳಲ್ಲಿ ನಾಲ್ಕನೆಯದು ಓದುವವನ ಹೊತ್ತು ಹಾಳಾಗದಂತೆ ನೋಡಿಕೊಳ್ಳಬೇಕೆಂಬ ಮಾತು. ಎಂಟು ಗಂಟೆ ದುಡಿದು ಒಂದೇ ಗಂಟೆ ಬಿಡುವಿರುವವನಿಗೆ ಆ ಸೂತ್ರದ ಬೆಲೆ ಪಂಡಿತರಿಗಿಂತ ಚೆನ್ನಾಗಿ ತಿಳಿದಿದೆ ಎಂದು ನಮ್ಮ ಅಭಿಪ್ರಾಯ.

ಇವೆರಡರ ಮೇಲೆ ಪರಾಮರ್ಶನ ಸೇವೆ, ಆಡಳಿತ, ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಕಂಪ್ಯೂಟರಿನಲ್ಲಿ ಸೂಚಿ ಮಾಡುವ ತಂತ್ರ, ಡಿಜಿಟಲ್ ಗ್ರಂಥಾಲಯ ಮೊದಲಾದವು ಉಂಟು. ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಪ್ರಬಂಧ.

ಕಲಿಯುವುದು ಎಲ್ಲಿ? ದೂರ ಹೋಗಬೇಕಾಗಿಲ್ಲ. ಕಸ್ಬಾಕ್ಕೆ ಸಮೀಪದ ಜಾದವಪುರ ವಿಶ್ವವಿದ್ಯಾನಿಲಯದಲ್ಲಿಯೂ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿಯೂ ಇದರ ವಿಭಾಗಗಳಿವೆ. ಹಗಲು ಕೆಲಸ ಬಿಡಲಾಗದವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವೂ ನೇತಾಜಿ ಸುಭಾಷ್ ಮುಕ್ತ ವಿಶ್ವವಿದ್ಯಾನಿಲಯವೂ ಉಂಟು. ಒಂದು ಸಂಗತಿ ಮಾತ್ರ ನೆನಪಿರಲಿ: ಬಿ.ಎ. ಮುಗಿಸಿದವರು ಅನೇಕ ಕಡೆ ನೇರವಾಗಿ ಸ್ನಾತಕೋತ್ತರ ತರಗತಿಗೆ ಸೇರಲಾಗುವುದಿಲ್ಲ. ಮೊದಲು ಗ್ರಂಥಾಲಯ ವಿಜ್ಞಾನದ ಸ್ನಾತಕ ಪದವಿ ಒಂದು ವರ್ಷ, ಆಮೇಲೆ ಸ್ನಾತಕೋತ್ತರ ಪದವಿ ಒಂದು ವರ್ಷ. ಎರಡನ್ನೂ ಕೂಡಿಸಿ ಎರಡು ವರ್ಷದ ಪಾಠಕ್ರಮ ಮಾಡಿರುವವರೂ ಇದ್ದಾರೆ. ಹಣ ಕಟ್ಟುವ ಮುನ್ನ ಇದನ್ನು ವಿಚಾರಿಸಬೇಕು.

ಊರಿಗೆ ಮರಳುವ ಆಸೆ ಇರುವವರಿಗೆ ಬೆಂಗಳೂರಿನ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಹೇಳಬೇಕು. ಇಲ್ಲಿಯ ಬಾರಾನಗರದಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ರಂಗನಾಥನ್ನರು ಅದನ್ನು 1962ರಲ್ಲಿ ಸ್ಥಾಪಿಸಿದರು. ಮಹಲನೋಬಿಸರ ಕಲ್ಕತ್ತೆಯ ಸಂಸ್ಥೆ, ತಮಿಳುನಾಡಿನ ಆಚಾರ್ಯ, ಕನ್ನಡನಾಡಿನ ನೆಲ! ಅಲ್ಲಿಯ ಸ್ನಾತಕೋತ್ತರ ಪಾಠಕ್ರಮ ಎರಡು ವರ್ಷದ್ದು, ಪ್ರವೇಶ ಪರೀಕ್ಷೆಯಿಂದ. ಬೋಧನಾಶುಲ್ಕ ತೆಗೆದುಕೊಳ್ಳದೆ ವಿದ್ಯಾರ್ಥಿವೇತನ ಕೊಡುವುದು ಆ ಸಂಸ್ಥೆಯ ಬಹುಕಾಲದ ಪದ್ಧತಿಯಾದ್ದರಿಂದ ಬಡವರ ಮಕ್ಕಳು ಆ ವರ್ಷದ ಪ್ರಕಟಣೆಯನ್ನು ತಪ್ಪದೆ ನೋಡಬೇಕು.

ಕಲಿತವರಿಗೆ ಕೆಲಸವುಂಟೆ? ಇಲ್ಲಿ ನಾವು ಬಣ್ಣದ ಮಾತು ಆಡುವುದಿಲ್ಲ. ಹುದ್ದೆಗಳು ಕಡಿಮೆ, ಕಾಯುವವರು ಬಹಳ. ಖಾಲಿಯಾದ ಸ್ಥಾನಗಳು ವರ್ಷಗಟ್ಟಲೆ ಹಾಗೆಯೇ ಉಳಿಯುವುದೂ, ಗುತ್ತಿಗೆಯ ಸಂಬಳಕ್ಕೆ ದುಡಿಸಿಕೊಳ್ಳುವುದೂ ಉಂಟು. ಕಾಲೇಜಿನ ಗ್ರಂಥಪಾಲನಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕಗಳು ಬೇಕು, ಜೊತೆಗೆ ಸಾಮಾನ್ಯವಾಗಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯೂ ಆಗಿರಬೇಕು. ಶಾಲೆಗಳಿಗೆ ಬಹುಮಟ್ಟಿಗೆ ಸ್ನಾತಕ ಪದವಿಯೇ ಸಾಕು. ಆದುದರಿಂದ ಶಾಲೆಯ ಕೆಲಸವನ್ನಷ್ಟೇ ಬಯಸುವವನು ಎರಡನೆಯ ವರ್ಷದ ಖರ್ಚಿಗೆ ಅವಸರಪಡಬೇಕಾಗಿಲ್ಲ. ಕರ್ಣಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಶಾಸನದಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರ ಕೂಡುತ್ತದೆ. ಪಶ್ಚಿಮ ಬಂಗಾಳದ 1979ರ ಶಾಸನದಲ್ಲಿ ಅಂಥ ಕರವಿಲ್ಲ. ಕೈಯಲ್ಲಿರುವ ಕೆಲಸವನ್ನು ಬಿಟ್ಟು ಈ ಪದವಿಯ ಬೆನ್ನು ಹತ್ತಿರೆಂದು ಮನೆಗೆ ಹಣ ಕಳಿಸುವ ತರುಣನಿಗೆ ನಾವು ಹೇಳಲಾರೆವು. ಕೆಲಸ ಇಟ್ಟುಕೊಂಡೇ ಓದಲಿ.

ಹೀಗಿದ್ದರೂ ಕನ್ನಡ ಬಲ್ಲವನಿಗೆ ಇಲ್ಲಿ ಒಂದು ಬಂಡವಾಳವುಂಟು. 1954ರ ಪುಸ್ತಕ ಸಲ್ಲಿಕೆ ಶಾಸನದಂತೆ ದೇಶದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಮೂವತ್ತು ದಿನಗಳೊಳಗೆ ಅಲಿಪುರದ ಬೆಲ್ವೆಡೇರ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಎಲ್ಲರೂ ಕಳಿಸುವುದಿಲ್ಲವೆಂಬುದು ಬೇರೆ ಮಾತು. ಧಾರವಾಡದಲ್ಲಿಯೋ ಪುತ್ತೂರಿನಲ್ಲಿಯೋ ಅಚ್ಚಾದ ಪುಸ್ತಕ ಇಲ್ಲಿಗೆ ಬಂದಾಗ, ಅದರ ಹೆಸರಿನ ಪುಟ ಓದಿ, ಇದು ಕಾದಂಬರಿಯೋ ಹರಟೆಯೋ ವಚನವೋ ತಿಳಿದು, ಸರಿಯಾದ ಸ್ಥಳಕ್ಕೆ ಸೇರಿಸಲು ಕನ್ನಡ ಬಂದವನೇ ಬೇಕು. ತಪ್ಪು ಹೆಸರಿನಡಿ ಕುಳಿತ ಪುಸ್ತಕ ಕಟ್ಟಡದೊಳಗೇ ಇದ್ದರೂ ಕೇಳಿದವನ ಪಾಲಿಗೆ ಇಲ್ಲವೆಂದೇ ಆಗುತ್ತದೆ.

ಮನಸ್ಸಿದ್ದವರು ಅರ್ಜಿ ತುಂಬುವ ಮೊದಲು ಬಿಡುವು ಮಾಡಿಕೊಂಡು ಬೆಲ್ವೆಡೇರ್‌ಗೆ ಒಮ್ಮೆ ಹೋಗಿ ಬರಲಿ. ಮೃಗಶಾಲೆಯ ಹತ್ತಿರವೇ ಇದೆ. ಓದುಗರ ಚೀಟಿ ಮಾಡಿಸಿಕೊಳ್ಳಲು ಗುರುತಿನ ಪತ್ರ ಒಯ್ಯಬೇಕು. ಒಳಗೆ ಹೋದ ಮೇಲೆ ಕನ್ನಡದ ಸೂಚಿಯಲ್ಲಿ ಮಾಸ್ತಿಯವರು ಯಾವ ಅಕ್ಷರದಲ್ಲಿ ಸಿಗುತ್ತಾರೆ, ಬೇಂದ್ರೆಯವರು ಎಲ್ಲಿ, ಒಂದೊಂದು ಹೆಸರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಗುರುತು ಹಾಕಿಕೊಂಡು ಬಂದು ನಮಗೂ ತಿಳಿಸಲಿ.