ಮುಖ್ಯ ಕೋಚ್ ಹುದ್ದೆಗೆ ಯಾವ ವಿಭಾಗದವರು ಸರಿ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದೇ ತಂಡದೊಳಗೆ ಮೂರು ತಂಡಗಳಿರುತ್ತವೆ. ಚೆಂಡು ತಮ್ಮದಾದಾಗ ಮುನ್ನುಗ್ಗುವ ಹನ್ನೊಂದು ಮಂದಿ ಬೇರೆ, ಎದುರಾಳಿಯನ್ನು ತಡೆಯುವ ಹನ್ನೊಂದು ಮಂದಿ ಬೇರೆ. ಚೆಂಡನ್ನು ಒದೆಯುವಾಗ ಮತ್ತು ಒದ್ದ ಚೆಂಡನ್ನು ಹಿಡಿದು ಓಡುವಾಗ ಕಣಕ್ಕಿಳಿಯುವ ಮೂರನೆಯ ಗುಂಪಿಗೆ ‘ಸ್ಪೆಷಲ್ ಟೀಮ್ಸ್’ ಎಂದು ಹೆಸರು. ಮೂರಕ್ಕೂ ಪ್ರತ್ಯೇಕ ಕೋಚ್‌ಗಳಿದ್ದಾರೆ. ಎನ್‌ಎಫ್‌ಎಲ್‌ನ 32 ತಂಡಗಳಲ್ಲಿ ಎಲ್ಲಿಯಾದರೂ ಮುಖ್ಯ ಕೋಚ್ ಸ್ಥಾನ ತೆರವಾದರೆ, ಅದು ಯಾವ ವಿಭಾಗದವರಿಗೆ ಸಲ್ಲಬೇಕು ಎಂಬ ಚರ್ಚೆ ಶುರುವಾಗುತ್ತದೆ.

ಮಾಲೀಕರ ಕಣ್ಣು ಹೆಚ್ಚಾಗಿ ಆಕ್ರಮಣದ ಕೋಚ್‌ಗಳ ಮೇಲೆ. 2017ರಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್, ಆಕ್ರಮಣದಲ್ಲಿ ಪಳಗಿದ್ದ 30 ವರ್ಷದ ಶಾನ್ ಮೆಕ್‌ವೇ ಅವರನ್ನು ಕರೆತಂದಿತು. ಹಿಂದಿನ ವರ್ಷ ನಾಲ್ಕೇ ಪಂದ್ಯ ಗೆದ್ದಿದ್ದ ತಂಡ ಆ ವರ್ಷ 11 ಗೆದ್ದಿತು. 2022ರ ಫೆಬ್ರುವರಿಯಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಕೂಡ ಒಲಿಯಿತು.

ಈ ಒಲವಿಗೆ ಇನ್ನೊಂದು ಗಟ್ಟಿ ಕಾರಣವಿದೆ: ಮುಖ್ಯ ಕೋಚ್ ರಕ್ಷಣೆಯವರಾದರೆ, ಆಕ್ರಮಣ ರೂಪಿಸುವ ಸಹಾಯಕರನ್ನು ಬೇರೆ ತಂಡ ಕರೆದೊಯ್ಯಬಹುದು. 2016ರಲ್ಲಿ ಅಟ್ಲಾಂಟಾ ಫಾಲ್ಕನ್ಸ್‌ನ ಮುಖ್ಯ ಕೋಚ್ ಆಗಿದ್ದ ಡ್ಯಾನ್ ಕ್ವಿನ್ ರಕ್ಷಣೆಯಲ್ಲಿ ನುರಿತವರು. ಆಕ್ರಮಣ ಕೈಲ್ ಶಾನಹನ್ ಕೈಯಲ್ಲಿತ್ತು. ಆ ವರ್ಷದ ಲೀಗ್ ಪಂದ್ಯಗಳಲ್ಲಿ ತಂಡ 540 ಅಂಕ ಗಳಿಸಿತು. ಋತು ಮುಗಿದೊಡನೆ ಶಾನಹನ್ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮುಖ್ಯ ಕೋಚ್ ಆಗಿ ಹೋದರು. ಮರುವರ್ಷ ಅಂಕ 353ಕ್ಕೆ ಕುಸಿಯಿತು.

ಹಾಗಿದ್ದರೆ ಸ್ಪೆಷಲ್ ಟೀಮ್ಸ್ ಕೋಚ್‌ಗೆ ಅವಕಾಶವೇ ಇಲ್ಲವೇ? ಜಾನ್ ಹಾರ್ಬಾ ಒಂಬತ್ತು ವರ್ಷ ಫಿಲಡೆಲ್ಫಿಯಾ ಈಗಲ್ಸ್‌ನಲ್ಲಿ ಆ ಕೆಲಸ ಮಾಡಿದ್ದರು. ಮುಖ್ಯ ಕೋಚ್ ಸ್ಥಾನಕ್ಕೆ ಪರಿಗಣಿಸಲಿ ಎಂದು 2007ರಲ್ಲಿ ರಕ್ಷಣಾ ವಿಭಾಗಕ್ಕೆ ಬದಲಾದರು. 2008ರಲ್ಲಿ ಬಾಲ್ಟಿಮೋರ್ ರೇವನ್ಸ್‌ನ ಮೊದಲ ಆಯ್ಕೆ ಆಕ್ರಮಣದ ಕೋಚ್ ಜೇಸನ್ ಗ್ಯಾರೆಟ್. ಅವರು ಒಲ್ಲೆ ಎಂದ ಮೇಲೆ ಹುದ್ದೆ ಹಾರ್ಬಾಗೆ ಸಿಕ್ಕಿತು. ಆಗ ಇನ್ನೊಂದು ತಂಡದ ಮುಖ್ಯ ಕೋಚ್ ಆಗಿದ್ದ ಬಿಲ್ ಬೆಲಿಚಿಕ್, ರೇವನ್ಸ್ ಮಾಲೀಕರಿಗೆ ಫೋನ್ ಮಾಡಿ ಅವರ ಪರ ಮಾತಾಡಿದ್ದರು.

ಸ್ಪೆಷಲ್ ಟೀಮ್ಸ್‌ಗೆ ಎರಡೂ ಕಡೆಯ ಆಟಗಾರರು ಬರುತ್ತಾರೆ. ಹೀಗಾಗಿ ಇಡೀ ತಂಡದೊಡನೆ ಒಡನಾಡುವುದು ಹಾರ್ಬಾಗೆ ಮೊದಲೇ ರೂಢಿಯಾಗಿತ್ತು. ಮುಲಾಜು ನೋಡದೆ ನಿರ್ಧರಿಸುವ ಗಟ್ಟಿತನವೂ ಇತ್ತು. 2012ರ ಡಿಸೆಂಬರ್‌ನಲ್ಲಿ, ಋತು ಕೊನೆಗೆ ಬರುತ್ತಿದ್ದಾಗ, ಆಕ್ರಮಣದ ಕೋಚ್ ಕ್ಯಾಮ್ ಕ್ಯಾಮರಾನ್ ಅವರನ್ನು ಕೈಬಿಟ್ಟು ಜಿಮ್ ಕಾಲ್ಡ್‌ವೆಲ್‌ಗೆ ಹೊಣೆ ಕೊಟ್ಟರು. ಎರಡು ತಿಂಗಳೊಳಗೆ ರೇವನ್ಸ್ ಸೂಪರ್ ಬೌಲ್‌ನಲ್ಲಿತ್ತು.

ಅಲ್ಲಿ ಸ್ಪೆಷಲ್ ಟೀಮ್ಸ್ ಕೂಡ ಕೈಹಿಡಿಯಿತು. ಆ ಪಂದ್ಯದ ದ್ವಿತೀಯಾರ್ಧದ ಮೊದಲ ಒದೆತವನ್ನೇ ಜಾಕೊಬಿ ಜೋನ್ಸ್ ಹಿಡಿದು 108 ಗಜ ಓಡಿ ಟಚ್‌ಡೌನ್ ಮಾಡಿದರು. ಕೊನೆಗೆ 12 ಸೆಕೆಂಡು ಉಳಿದಾಗ ರೇವನ್ಸ್ 34-29ರಿಂದ ಮುಂದಿತ್ತು. ಚೆಂಡನ್ನು ದೂರಕ್ಕೆ ಒದೆಯಬೇಕಿದ್ದ ಪಂಟರ್ ಸ್ಯಾಮ್ ಕಾಕ್ ಒದೆಯಲೇ ಇಲ್ಲ. ತಮ್ಮ ತುದಿಯಲ್ಲೇ ಅತ್ತಿತ್ತ ಓಡಿ 8 ಸೆಕೆಂಡು ಕಳೆದು, ಗೆರೆ ದಾಟಿ ಬೇಕೆಂದೇ ಎರಡು ಅಂಕ ಬಿಟ್ಟುಕೊಟ್ಟರು. ರೇವನ್ಸ್ 34-31ರಿಂದ ಗೆದ್ದಿತು.

ವಿಭಾಗದ ಹಿನ್ನೆಲೆ ಸಂದರ್ಶನದ ಬಾಗಿಲು ತೆರೆಸುತ್ತದೆ, ನಿಜ. ಕುರ್ಚಿಯಲ್ಲಿ ಕೂತ ಮೇಲೆ ಬೇಕಾಗುವುದು ಸರಿಯಾದ ಸಹಾಯಕರನ್ನು ಆರಿಸುವ, ಬೇಕಾದಾಗ ಬದಲಿಸುವ ಕಲೆ. ಡೆಟ್ರಾಯ್ಟ್ ಲಯನ್ಸ್‌ನ ಡ್ಯಾನ್ ಕ್ಯಾಂಪ್‌ಬೆಲ್ ಆಕ್ರಮಣ, ರಕ್ಷಣೆ ಯಾವುದಕ್ಕೂ ಮುಖ್ಯಸ್ಥರಾಗಿದ್ದವರಲ್ಲ. ಆದರೂ 2024ರ ಜನವರಿಯಲ್ಲಿ ಅವರ ತಂಡ ಮೆಕ್‌ವೇ ಅವರ ರ್‍ಯಾಮ್ಸ್ ಅನ್ನು 24-23ರಿಂದ ಸೋಲಿಸಿ, 32 ವರ್ಷಗಳ ನಂತರ ಪ್ಲೇಆಫ್ ಪಂದ್ಯ ಗೆದ್ದಿತು. ಲಯನ್ಸ್‌ನ ಆಕ್ರಮಣ ರೂಪಿಸುತ್ತಿದ್ದ ಬೆನ್ ಜಾನ್ಸನ್ 2025ರಲ್ಲಿ ಶಿಕಾಗೊ ಬೇರ್ಸ್‌ನ ಮುಖ್ಯ ಕೋಚ್ ಆಗಿ ಹೊರಟರು. ನಿಮ್ಮ ಒಳ್ಳೆಯ ಸಹಾಯಕರನ್ನು ಬೇರೆ ತಂಡ ಕರೆದೊಯ್ದರೆ ಆ ಜಾಗಕ್ಕೆ ಯಾರು ಎಂದು ಮಾಲೀಕರು ಸಂದರ್ಶನದಲ್ಲೇ ಕೇಳಬೇಕು, ಎದುರು ಕೂತವರು ಯಾವ ವಿಭಾಗದಿಂದ ಬಂದಿದ್ದರೂ ಸರಿ.