ಕೌಂಟರ್ ಮುಂದೆ ತಡವರಿಸದೆ ಕಾಫಿ ಕೇಳುವುದು

ಕಾಫಿ ಶಾಪಿನ ಬೋರ್ಡಿನಲ್ಲಿ ಎಷ್ಟೇ ಹೆಸರುಗಳಿರಲಿ, ಬಿಸಿ ಕಾಫಿಗಳಲ್ಲಿ ಬಹುಪಾಲಿಗೆ ಮೂಲ ಎಸ್ಪ್ರೆಸೊ. ನುಣ್ಣನೆಯ ಕಾಫಿಪುಡಿಯ ಮೂಲಕ ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರು ಹಾಯಿಸಿ, 25ರಿಂದ 30 ಸೆಕೆಂಡಿನಲ್ಲಿ ಇಳಿಸಿದ ಗಟ್ಟಿ ಕಾಫಿ ಇದು. ಒಂದು ಶಾಟ್ ಎಂದರೆ ಹೆಚ್ಚುಕಮ್ಮಿ 30 ಮಿಲಿಲೀಟರ್. ಇದನ್ನು ಇಳಿಸುವ ಯಂತ್ರ ರೂಪುಗೊಂಡದ್ದು ಇಟಲಿಯಲ್ಲಿ. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದರು. ಇಂದಿನ ಎಸ್ಪ್ರೆಸೊದ ಮೇಲೆ ಕಾಣುವ ಹೊಂಬಣ್ಣದ ನೊರೆ, ಅಂದರೆ ಕ್ರೆಮಾ, ಬಂದದ್ದು 1940ರ ದಶಕದಲ್ಲಿ ಅಕಿಲ್ಲೆ ಗಾಜ್ಜಾ ಅವರ ಲಿವರ್ ಯಂತ್ರದ ನಂತರ.

ಫಿಲ್ಟರ್ ಕಾಫಿ ಕುಡಿದು ಬೆಳೆದವರಿಗೆ ಇದರ ಅರ್ಧ ಲೆಕ್ಕ ಆಗಲೇ ಗೊತ್ತಿದೆ. ಡಿಕಾಕ್ಷನ್ ಇರುವ ಜಾಗದಲ್ಲಿ ಎಸ್ಪ್ರೆಸೊ ಇಟ್ಟುಕೊಂಡರೆ ಸಾಕು. ದರ್ಶಿನಿಯಲ್ಲಿ ‘ಸ್ಟ್ರಾಂಗ್’, ‘ಲೈಟ್’ ಎಂದು ಕೇಳುವಾಗ ಹೇಳುವುದು ಹಾಲು ಮತ್ತು ಡಿಕಾಕ್ಷನ್ನಿನ ಪ್ರಮಾಣವನ್ನೇ. ಕಾಫಿ ಶಾಪಿನಲ್ಲಿ ಆ ಒಂದೊಂದು ಪ್ರಮಾಣಕ್ಕೂ ಬೇರೆ ಬೇರೆ ಹೆಸರು ಇಟ್ಟಿದ್ದಾರೆ, ಅಷ್ಟೆ.

ಎಸ್ಪ್ರೆಸೊಗೆ ಬಿಸಿನೀರು ಬೆರೆಸಿದರೆ ಅಮೆರಿಕಾನೊ. ಹೊಸಬರು ಹೆಚ್ಚು ಬೇಸ್ತು ಬೀಳುವುದು ಇಲ್ಲೇ: ಇದರಲ್ಲಿ ಹಾಲು ಇರುವುದಿಲ್ಲ, ಬಂದ ಮೇಲೆ ಬೇಕಾದರೆ ಕೇಳಬೇಕು. ಎಸ್ಪ್ರೆಸೊಗೆ ಹಾಲು, ಮೇಲೆ ದಪ್ಪನೆಯ ನೊರೆ ಹಾಕಿದರೆ ಕ್ಯಾಪುಚಿನೊ. ಹಾಲು ಹೆಚ್ಚಾಗಿ ನೊರೆ ತೆಳುವಾದರೆ ಲಾಟೆ. ಫ್ಲ್ಯಾಟ್ ವೈಟ್ ಲಾಟೆಗಿಂತ ಚಿಕ್ಕದು, ನೊರೆಯೂ ಕಡಿಮೆ, ಹಾಗಾಗಿ ಕಾಫಿಯ ರುಚಿ ಮುಂದೆ ನಿಲ್ಲುತ್ತದೆ. ಅದನ್ನು ಮೊದಲು ಮಾಡಿದವರು ನಾವೇ ಎಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ ಎರಡೂ ಕಡೆಯವರು ಹೇಳಿಕೊಳ್ಳುತ್ತಾರೆ. ಚಾಕೊಲೇಟ್ ಸೇರಿದರೆ ಮೋಕಾ. ಮಕಿಯಾಟೊ ಮಾತ್ರ ಕೇಳಿ ತಿಳಿದೇ ಹೇಳಬೇಕಾದದ್ದು. ಕೆಲವೆಡೆ ಅದು ಹಾಲಿನ ಚುಕ್ಕೆ ಬಿದ್ದ ಪುಟ್ಟ ಎಸ್ಪ್ರೆಸೊ, ಕೆಲವೆಡೆ ಕ್ಯಾರಮೆಲ್ ಸುರಿದ ದೊಡ್ಡ ಸಿಹಿ ಲೋಟ. ಫಿಲ್ಟರ್ ಕಾಫಿಯ ಅಭ್ಯಾಸವಿದ್ದವರು ಮೊದಲ ಸಲ ಫ್ಲ್ಯಾಟ್ ವೈಟ್ ಅಥವಾ ಚಿಕ್ಕ ಕ್ಯಾಪುಚಿನೊ ಕೇಳುವುದು ಒಳ್ಳೆಯದು. ಲಾಟೆ ಅವರಿಗೆ ಬರೀ ಹಾಲು ಕುಡಿದಂತಾಗುವ ಸಂಭವ ಹೆಚ್ಚು.

ಅಭ್ಯಾಸದ ಇನ್ನೊಂದು ಅಂತರ ಬಿಸಿಯದು. ಕುದಿದ ಹಾಲಿಗೆ ಡಿಕಾಕ್ಷನ್ ಬೆರೆಸಿ, ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಕುಡಿಯುವವರಿಗೆ ಕ್ಯಾಪುಚಿನೊ ಉಗುರುಬೆಚ್ಚಗೆ ಅನ್ನಿಸುತ್ತದೆ. ಅದು ಕೆಲಸಗಾರರ ಉದಾಸೀನವಲ್ಲ. ಯಂತ್ರದ ಉಗಿಕೊಳವೆಯ ತುದಿಯನ್ನು ಮೊದಲು ಹಾಲಿನ ಮೇಲ್ಮೈಗೆ ತಾಗಿಸುತ್ತಾರೆ; ಚುರ್ರೆಂದು ಸದ್ದು ಮಾಡುತ್ತ ಗಾಳಿ ಒಳಹೋಗುತ್ತದೆ. ನಂತರ ತುದಿಯನ್ನು ಇನ್ನಷ್ಟು ಆಳಕ್ಕಿಳಿಸಿದರೆ ಹಾಲು ಸುಳಿಯಾಗಿ ತಿರುಗಿ, ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತವೆ. ಜಗ್ಗಿನ ಮೇಲಿಟ್ಟ ಕೈಗೆ ತಡೆಯಲಾರದಷ್ಟು ಬಿಸಿ ತಾಗುವ ಹೊತ್ತಿಗೆ, ಅಂದರೆ 60ರಿಂದ 65 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ನಿಲ್ಲಿಸುತ್ತಾರೆ. 70 ದಾಟಿದರೆ ನೊರೆಯ ನಯ ಕೆಡುತ್ತದೆ, ಹಾಲಿನ ಸಹಜ ಸಿಹಿಯ ಮೇಲೆ ಕುದಿಸಿದ ವಾಸನೆ ಕೂರುತ್ತದೆ. ಅಷ್ಟಾದರೂ ಬಿಸಿಯೇ ಬೇಕೆನ್ನುವವರು ‘ಎಕ್ಸ್‌ಟ್ರಾ ಹಾಟ್’ ಎಂದು ಮೊದಲೇ ಹೇಳಬಹುದು, ಮಾಡಿಕೊಡುತ್ತಾರೆ. ಸಕ್ಕರೆಯನ್ನು ಸಾಮಾನ್ಯವಾಗಿ ಹಾಕಿರುವುದಿಲ್ಲ, ಪೊಟ್ಟಣ ಪಕ್ಕದಲ್ಲಿರುತ್ತದೆ.

ಲೋಟ ದೊಡ್ಡದಾದಷ್ಟೂ ಕಾಫಿ ಸ್ಟ್ರಾಂಗ್ ಎಂಬುದು ತಪ್ಪು ತಿಳಿವಳಿಕೆ. ಶಾಟ್ ಅಷ್ಟೇ ಇದ್ದು ಹಾಲು ಮಾತ್ರ ಹೆಚ್ಚಾಗುವುದೂ ಉಂಟು. ‘ಇದರಲ್ಲಿ ಎಷ್ಟು ಶಾಟ್ ಇದೆ?’ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಗಡುಸು ಬೇಕಿದ್ದರೆ ದೊಡ್ಡ ಲೋಟಕ್ಕಿಂತ ಚಿಕ್ಕ ಲೋಟಕ್ಕೆ ಒಂದು ಶಾಟ್ ಹೆಚ್ಚು ಹಾಕಿಸುವುದು ಜಾಣತನ. ಹೆಚ್ಚುವರಿ ಶಾಟ್, ಓಟ್ಸ್ ಹಾಲು, ಸಿರಪ್‌ಗೆ ಸಾಮಾನ್ಯವಾಗಿ ಬೇರೆ ದುಡ್ಡು.

ತಣ್ಣನೆಯ ಪಾನೀಯಗಳಲ್ಲಿ ಮೂರನ್ನು ಬೇರ್ಪಡಿಸಿ ತಿಳಿದಿದ್ದರೆ ಸಾಕು. ಕೋಲ್ಡ್ ಕಾಫಿ ಎಂದರೆ ನಮ್ಮಲ್ಲಿ ಹಾಲು, ಸಕ್ಕರೆ, ಕೆಲವೊಮ್ಮೆ ಐಸ್‌ಕ್ರೀಮ್ ಸೇರಿಸಿ ಮಿಕ್ಸಿಯಲ್ಲಿ ತಿರುವಿದ್ದು. ಐಸ್ಡ್ ಲಾಟೆ ಎಂದರೆ ಐಸು, ಹಾಲು, ಎಸ್ಪ್ರೆಸೊ, ಸಿಹಿ ಇಲ್ಲ. ಕೋಲ್ಡ್ ಬ್ರೂ ಎಂದರೆ ದಪ್ಪ ಪುಡಿಯನ್ನು ತಣ್ಣೀರಿನಲ್ಲಿ 12 ಗಂಟೆಯೋ ಅದಕ್ಕೂ ಹೆಚ್ಚೋ ನೆನೆಸಿ ಸೋಸಿದ್ದು. ಇದು ಕಪ್ಪು ಕಾಫಿಯೇ, ಆದರೆ ಹುಳಿ ಕಡಿಮೆ.

ಹೇಳುವ ಕ್ರಮ ಸುಲಭ: ಎಷ್ಟು, ಬಿಸಿಯೋ ತಣ್ಣಗೋ, ಯಾವ ಅಳತೆ, ಯಾವ ಕಾಫಿ, ಕೊನೆಗೆ ಬದಲಾವಣೆ. ‘ಒಂದು ಹಾಟ್, ಸ್ಮಾಲ್ ಕ್ಯಾಪುಚಿನೊ, ಸ್ವಲ್ಪ ಸ್ಟ್ರಾಂಗ್ ಇರಲಿ’ ಎಂದರೆ ಎಲ್ಲವೂ ಬಂತು. ಆಮೇಲೆ ಬರುವ ಪ್ರಶ್ನೆಗಳು ಎರಡೇ: ಇಲ್ಲೇ ಕುಡಿಯುವುದೋ ಪಾರ್ಸೆಲ್ಲೋ, ಹೆಸರೇನು. ಹೆಸರು ಲೋಟ ಅದಲುಬದಲಾಗದಿರಲಿ ಎಂದು. ಬೆಂಗಳೂರಿನ ಕೌಂಟರಿನಲ್ಲಿ ಕನ್ನಡದಲ್ಲೇ ಮಾತು ಶುರುಮಾಡಬಹುದು. ಹೆಸರುಗಳಲ್ಲಿ ಹೆಚ್ಚಿನವು ಹೇಗೂ ಇಟಲಿಯವು, ಇಂಗ್ಲಿಷ್ ಬಂದವರಿಗೂ ಅವು ಹೊಸವೇ. ಸಾಲು ಉದ್ದವಿದ್ದರೆ ಪಕ್ಕಕ್ಕೆ ನಿಂತು ಬೋರ್ಡ್ ಓದಿಕೊಂಡು ಬಂದರೆ ಹಿಂದಿನವರ ಒತ್ತಡವೂ ಇರುವುದಿಲ್ಲ.

ಬೀಜದ ಮಾತು ಬಂದಾಗ ಕರ್ನಾಟಕದವರು ಹಿಂಜರಿಯಬೇಕಾದ್ದೇ ಇಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಇಲ್ಲೇ. ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಒಂದೇ ತೋಟದ ಬೀಜ ಎಂದು ಬರೆದಿದ್ದರೆ ಅದನ್ನು ‘ಪೋರ್ ಓವರ್’ ಆಗಿ, ಅಂದರೆ ಪುಡಿಯ ಮೇಲೆ ಬಿಸಿನೀರು ಸುರಿದು ಸೋಸಿದ್ದಾಗಿ, ಹಾಲಿಲ್ಲದೆ ಕೇಳಬೇಕು. ಹಾಲು ಬಿದ್ದರೆ ತೋಟದ ಗುಣ ಮುಚ್ಚಿಹೋಗುತ್ತದೆ. ಚಿಕೋರಿಯ ಕಹಿಗೆ ಒಗ್ಗಿದ ನಾಲಿಗೆಗೆ ಹದವಾಗಿ ಹುರಿದ ಅರೇಬಿಕಾದ ಹಣ್ಣಿನಂಥ ಹುಳಿ ಮೊದಲಿಗೆ ವಿಚಿತ್ರವೆನಿಸೀತು. ಅಂಥವರು ಹೆಚ್ಚು ಹುರಿದದ್ದು, ಅಂದರೆ ಡಾರ್ಕ್ ರೋಸ್ಟ್, ಕೇಳಬಹುದು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು, ಚಿಕೋರಿಯಲ್ಲಿ ಕೆಫೀನೇ ಇಲ್ಲ. ಸಂಜೆ ಕಾಫಿ ಕುಡಿದರೆ ನಿದ್ದೆ ಬಾರದವರು ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ, ಇದೆಯೇ ಎಂದು ವಿಚಾರಿಸಬೇಕು. ಇಲ್ಲವೆಂದರೆ ಬಿಸಿ ಚಾಕೊಲೇಟ್ ಇದ್ದೇ ಇರುತ್ತದೆ, ಅದರಲ್ಲಿ ಕೆಫೀನ್ ತೀರಾ ಕಡಿಮೆ.